ಒಂದು ದಿಕ್ಕಿಗೆ 57, ಇನ್ನೊಂದು ದಿಕ್ಕಿಗೆ 44: ರಸ್ತೆ ಟ್ಯೂಬ್ ಕೌಂಟರ್ ಸ್ಪೀಡ್ ತಪ್ಪು ತೋರಿಸ್ತಿದೆ, ದಯವಿಟ್ಟು ನೋಡಿ

ಬೀದಿದೀಪ_7:
ಎರಡು ವಾರದಿಂದ ಇದರ ಹಿಂದೆ ಬಿದ್ದು ಸಾಕಾಗಿ ಹೋಗಿದೆ. ರಸ್ತೆಗೆ ಅಡ್ಡಲಾಗಿ ಕೇಬಲ್ ಹಾಕಿ ಗಾಡಿ ಎಣಿಸುವ ಕೌಂಟರ್ ಇರುತ್ತಲ್ಲ, ಅದನ್ನು ನಾನೇ ಕಟ್ಟಿದ್ದೇನೆ. ಎರಡು ಲೈನ್, ನಡುವೆ ಸರಿಯಾಗಿ 1 ಮೀಟರ್. ಪ್ರೆಶರ್ ಸೆನ್ಸರ್ ಎರಡು, ಇಎಸ್‌ಪಿ32 ಬೋರ್ಡು (ಚಿಕ್ಕ ಕಂಪ್ಯೂಟರ್), ಮಿಕ್ಕಿದ್ದೆಲ್ಲ ಮಾಮೂಲಿ ಸೆಟಪ್. ನಮ್ಮ ಬಡಾವಣೆ ರಸ್ತೆಯಲ್ಲಿ ಗಾಡಿಗಳು ಎಷ್ಟು ಜೋರಾಗಿ ಓಡುತ್ತವೆ ಅನ್ನೋದಕ್ಕೆ ಅಂಕಿ ಕೊಟ್ಟರೆ ಹಂಪ್ ವಿಚಾರ ನೋಡೋಣ ಅಂತ ಅಧಿಕಾರಿಗಳು ಅಂದಿದ್ದಾರೆ. ಹಾಕಲು ಲಿಖಿತ ಅನುಮತಿ ಇದೆ, ಅದರ ಬಗ್ಗೆ ಯಾರೂ ಬೈಯಬೇಡಿ.

ಸಮಸ್ಯೆ ಇಷ್ಟು. ಪೂರ್ವಕ್ಕೆ ಹೋಗುವ ಗಾಡಿಗಳ ಸ್ಪೀಡು ಜಾಸ್ತಿ, ಪಶ್ಚಿಮಕ್ಕೆ ಹೋಗುವವುಗಳದ್ದು ಕಡಿಮೆ. ಮೂರು ದಿನದ ಲೆಕ್ಕವೂ ಹೀಗೇ. ಅನುಮಾನ ಬಂದು ಗೆಳೆಯನ ಕಾರನ್ನು ಜಿಪಿಎಸ್ ಹಿಡಿದು ಗಂಟೆಗೆ 50 ಕಿ.ಮೀ.ನಲ್ಲೇ ಓಡಿಸಿದೆವು. ಪೂರ್ವಕ್ಕೆ 57 ತೋರಿಸ್ತು, ಪಶ್ಚಿಮಕ್ಕೆ 44. ರಸ್ತೆ ಸಮತಟ್ಟು. ಅದರ ಜೊತೆಗೆ ಆಕ್ಸಲ್ (ಚಕ್ರಗಳ ಅಚ್ಚು) ಎಣಿಕೆಯೂ ಸ್ವಲ್ಪ ಹೆಚ್ಚೇ ಬರ್ತಿದೆ. ಕೋಡ್ ಹತ್ತು ಸಲ ನೋಡಿದೆ, ಏನೂ ತಪ್ಪಿಲ್ಲ.

ಸರ್ಕ್ಯೂಟ್_ಸಂಗ:
ಆಕ್ಸಲ್ ಹೆಚ್ಚು ಬರ್ತಿದೆ ಅಂದ ಮೇಲೆ ಮುಗೀತು, ಡಿಬೌನ್ಸ್ ಸಮಸ್ಯೆ. ಚಕ್ರ ಒಂದು ಸಲ ಹತ್ತಿದರೆ ಸೆನ್ಸರ್ ಎರಡು ಸಲ ಕುಣಿಯುತ್ತೆ. ಒಂದು ಸಿಗ್ನಲ್ ಆದ ಮೇಲೆ ಮುಂದಿನದನ್ನು ಎಷ್ಟು ಹೊತ್ತು ಲೆಕ್ಕಕ್ಕೆ ತಗೊಳ್ಳದ ಹಾಗೆ ಇಟ್ಟಿದ್ದೀರಿ?

ಬೀದಿದೀಪ_7:
10 ಮಿಲಿಸೆಕೆಂಡ್.

ಸರ್ಕ್ಯೂಟ್_ಸಂಗ:
ಏನೇನೂ ಸಾಲದು ಮಾರಾಯ್ರೆ. 100 ಇಡಿ. ಸ್ಪೀಡೂ ತಾನಾಗಿ ಸರಿಯಾಗುತ್ತೆ.

ಗಾಳಿಕೊಳವೆ:
ಮೊದಲು ಒಂದು ಮಾತು. ಅದು ಕೇಬಲ್ ಅಲ್ಲ, ಟ್ಯೂಬ್. ಒಳಗೆ ತಂತಿ ಇಲ್ಲ, ಬರೀ ಗಾಳಿ. ಚಕ್ರ ತುಳಿದಾಗ ಒಳಗಿನ ಗಾಳಿಯಲ್ಲಿ ಒತ್ತಡದ ಅಲೆಯೊಂದು ಎದ್ದು ಸೆನ್ಸರ್ ಇರುವ ಪೆಟ್ಟಿಗೆ ತನಕ ಓಡಿ ಬರುತ್ತೆ. ನಿಮ್ಮ ಉತ್ತರ ಅಲ್ಲೇ ಎಲ್ಲೋ ಇದೆ ಅಂತ ನನ್ನ ಅಂದಾಜು. ಟ್ಯೂಬಿನ ಉದ್ದ ಎಷ್ಟು? ತುದಿಗೆ ಬಿರಡೆ ಹಾಕಿದ್ದೀರಾ?

ಬೆಳಗಿನ_ರೈಡರ್:
ಎಲ್ಲರೂ ಕೇಬಲ್ ಅಂತಲೇ ಕರೆಯೋದು. ಹೆಸರಲ್ಲಿ ಏನಿದೆ ಸರ್, ಅವರ ಸಮಸ್ಯೆ ನೋಡಿ. ನಿಜ ಹೇಳಬೇಕೆಂದರೆ ಈ ಟ್ಯೂಬಿನ ಕಾಲವೇ ಮುಗಿದಿದೆ. ನಾನು ಕಂಬಕ್ಕೆ ರಡಾರ್ ಹಾಕಿದ್ದೇನೆ, ಸೋಲಾರ್ ಪ್ಯಾನೆಲ್, 20 ಆಂಪ್ ಅವರ್ ಬ್ಯಾಟರಿ. ಎಂಟು ತಿಂಗಳಿಂದ ಒಂದು ದಿನವೂ ನಿಂತಿಲ್ಲ. ರಸ್ತೆಗೆ ಇಳಿಯುವ ಕೆಲಸವೇ ಇಲ್ಲ.

ಗಾಳಿಕೊಳವೆ:
ಹೆಸರಲ್ಲಿ ಇದೆ. ಕೇಬಲ್ ಅಂದುಕೊಂಡರೆ ಸಿಗ್ನಲ್ ಆ ಕ್ಷಣವೇ ತಲುಪುತ್ತೆ ಅನ್ನೋ ಭಾವನೆ ಬರುತ್ತೆ. ಗಾಳಿಯಲ್ಲಿ ಹಾಗಲ್ಲ. ಇನ್ನು ರಡಾರ್ ಒಳ್ಳೆಯದೇ, ಆದರೆ ಆಕ್ಸಲ್‌ಗಳ ನಡುವಿನ ಅಂತರ ಅದಕ್ಕೆ ಗೊತ್ತಾಗಲ್ಲ. ಅಮೆರಿಕದ ಹೆದ್ದಾರಿ ಇಲಾಖೆ ವಾಹನಗಳನ್ನು 13 ವರ್ಗ ಮಾಡುವುದರಲ್ಲಿ ಆಕ್ಸಲ್ ಎಷ್ಟಿವೆ ಅನ್ನೋದು ಮುಖ್ಯ. ಆ ಲೆಕ್ಕ ಟ್ಯೂಬಿನಿಂದ ಸಿಗುತ್ತೆ.

ಹೊಸಬ_22:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಈ ಕಪ್ಪು ಪಟ್ಟಿ ದಾಟಿದರೆ ದಂಡ ಬೀಳುತ್ತೆ ಅಂತ ನಾನು ಇಷ್ಟು ದಿನ ಬ್ರೇಕ್ ಹಾಕ್ತಿದ್ದೆ. ಹಾಗಾದರೆ ಅದರಲ್ಲಿ ಅಳೆಯೋದು ಏನೇನು?

ಗಾಳಿಕೊಳವೆ:
ಟ್ಯೂಬಿಗೆ ನಿಮ್ಮ ನಂಬರ್ ಪ್ಲೇಟ್ ಕಾಣಲ್ಲ, ದಂಡದ ಭಯ ಬೇಡ. ಆದರೆ ಅದನ್ನು ನೋಡಿ ಬ್ರೇಕ್ ಹಾಕಬೇಡಿ, ಲೆಕ್ಕ ಕೆಡುತ್ತೆ. ಒಂದೇ ಟ್ಯೂಬ್ ಇದ್ದರೆ ಆಕ್ಸಲ್ ಮಾತ್ರ ಎಣಿಸಬಹುದು. ಎರಡರಿಂದ ಭಾಗಿಸಿದರೆ ಗಾಡಿಗಳ ಅಂದಾಜು, ಮೂರು ಆಕ್ಸಲ್ ಲಾರಿ ಬಂದರೆ ಅದು ಒಂದೂವರೆ ಗಾಡಿ ಆಗುತ್ತೆ. ಎರಡು ಟ್ಯೂಬ್ ಇದ್ದರೆ ಯಾವುದು ಮೊದಲು ತುಳಿತಕ್ಕೆ ಸಿಕ್ಕಿತು ಅನ್ನೋದರಿಂದ ದಿಕ್ಕು, ನಡುವಿನ ಸಮಯದಿಂದ ಸ್ಪೀಡು. ಸ್ಪೀಡು ಗೊತ್ತಾದರೆ ಆಕ್ಸಲ್ ಅಂತರ, ಅದರಿಂದ ಕಾರೋ ಬಸ್ಸೋ ಲಾರಿಯೋ. ಒಂದು ಗಾಡಿಗೂ ಮುಂದಿನ ಗಾಡಿಗೂ ಎಷ್ಟು ಹೊತ್ತಿನ ಅಂತರ ಅನ್ನೋದೂ ಸಿಗುತ್ತೆ, ಪಾದಚಾರಿಗಳು ದಾಟೋಕೆ ಸಮಯ ಇದೆಯೇ ಅಂತ ನೋಡೋದು ಅದರಿಂದಲೇ.

ಸರ್ಕ್ಯೂಟ್_ಸಂಗ:
ಭಾರವನ್ನೂ ಅಳೆಯುತ್ತೆ. ರಸ್ತೆ ಎಷ್ಟು ದಪ್ಪ ಹಾಕಬೇಕು ಅಂತ ಲೆಕ್ಕ ಹಾಕೋದೇ ಇದರಿಂದ.

ಗಾಳಿಕೊಳವೆ:
ಇಲ್ಲ ಸರ್, ಭಾರ ಗೊತ್ತಾಗಲ್ಲ. ಎಷ್ಟು ಆಕ್ಸಲ್ ಅಂತ ಹೇಳುತ್ತೆ, ಒಂದೊಂದರ ಮೇಲೆ ಎಷ್ಟು ಟನ್ ಅಂತ ಹೇಳಲ್ಲ. ಅದಕ್ಕೆ ರಸ್ತೆಯೊಳಗೆ ಕೂರಿಸುವ ಪೀಜೋ ಪಟ್ಟಿಯೋ (ಒತ್ತಿದರೆ ವಿದ್ಯುತ್ ಸಿಗ್ನಲ್ ಕೊಡುವ ಪಟ್ಟಿ) ತೂಕದ ಸೆನ್ಸರೋ ಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನ ಒಟ್ಟಾವಾ ಬಳಿ ರಸ್ತೆ ಎಷ್ಟು ಸವೆಯುತ್ತೆ ಅಂತ ನೋಡೋಕೆ ಲಾರಿಗಳನ್ನು ಓಡಿಸಿ ಮಾಡಿದ ಆಶೋ ರೋಡ್ ಟೆಸ್ಟ್‌ನಿಂದ ಬಂದ ಸೂತ್ರ ನಿಮಗೆ ಗೊತ್ತಿರಬಹುದು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟು. ಅಷ್ಟು ವ್ಯತ್ಯಾಸ ಇರುವಾಗ ಬರೀ ಎಣಿಕೆಯಿಂದ ದಪ್ಪ ತೀರ್ಮಾನ ಮಾಡೋಕಾಗಲ್ಲ.

ಬೀದಿದೀಪ_7:
ನನ್ನ ವಿಷಯಕ್ಕೆ ಬರೋಣವೇ? ಡಿಬೌನ್ಸ್ 100 ಇಟ್ಟು ನಿನ್ನೆ ಇಡೀ ದಿನ ಓಡಿಸಿದೆ. ಸ್ಪೀಡು ಹಾಗೇ ಇದೆ, 57 ಮತ್ತು 44. ಅದರ ಮೇಲೆ ಹೊಸ ತಲೆನೋವು. ಹಿಂದೆ ಜೋಡಿ ಆಕ್ಸಲ್ ಇರೋ ಲಾರಿಗಳಲ್ಲಿ ಕೆಲವು ಈಗ ಎರಡು ಆಕ್ಸಲ್ ಗಾಡಿ ಅಂತ ಬರ್ತಿವೆ. ಕಣ್ಣಾರೆ ನಿಂತು ನೋಡಿದೆ.

ಸರ್ಕ್ಯೂಟ್_ಸಂಗ:
ಹಾಗಾದರೆ 80 ಮಾಡಿ. ಇಲ್ಲದಿದ್ದರೆ ಒಂದು ಸೆನ್ಸರ್ ನಿಧಾನ ಇದೆ, ಬದಲಿಸಿ. ಅಗ್ಗದ ಸೆನ್ಸರ್‌ಗಳ ಹಣೆಬರಹವೇ ಅಷ್ಟು.

ಗಾಳಿಕೊಳವೆ:
ಜೋಡಿ ಆಕ್ಸಲ್ ನಡುವೆ ಸುಮಾರು 1.3 ಮೀಟರ್ ಇರುತ್ತೆ. 50ರಲ್ಲಿ ಹೋದರೆ ಅದು 94 ಮಿಲಿಸೆಕೆಂಡ್. 100 ಇಟ್ಟರೆ ಎರಡನೇ ಆಕ್ಸಲ್ ನುಂಗಿ ಹೋಗದೆ ಇನ್ನೇನಾಗುತ್ತೆ? ಬೀದಿದೀಪ ಅವರೇ, ಸ್ಪೀಡ್ ಅಂಕಿ ಬಿಡಿ, ನನಗೆ ಸಮಯ ಬೇಕು. 30ರಲ್ಲಿ ಒಂದು ಸಲ, 50ರಲ್ಲಿ ಒಂದು ಸಲ, ಎರಡೂ ದಿಕ್ಕಿಗೆ ಓಡಿಸಿ. ಎರಡು ಟ್ಯೂಬಿನ ನಡುವೆ ಎಷ್ಟು ಮಿಲಿಸೆಕೆಂಡ್ ಬರ್ತಿದೆ ಅಂತ ಹಾಗೇ ಹಾಕಿ. ಟ್ಯೂಬ್ ಉದ್ದ ಕೇಳಿದ್ದೆ, ಅದನ್ನೂ ಹೇಳಿಲ್ಲ ನೀವು.

ಬೆಳಗಿನ_ರೈಡರ್:
ಇಷ್ಟು ಹೊತ್ತಿಗೆ ರಡಾರ್ ಕೂರಿಸಿ ಒಂದು ವಾರದ ಲೆಕ್ಕ ತೆಗೆದುಬಿಡಬಹುದಿತ್ತು. ನನ್ನದರ ಫೋಟೋ ಬೇಕಿದ್ದರೆ ಹಾಕ್ತೇನೆ, ಪೆಟ್ಟಿಗೆಗೆ ಮಳೆ ನೀರು ಇಳಿಯದ ಹಾಗೆ ಒಳ್ಳೆ ಗ್ಯಾಸ್ಕೆಟ್ ಮಾಡಿದ್ದೇನೆ.

ಬೀದಿದೀಪ_7:
ಇವತ್ತು ಬೆಳಗ್ಗೆ ಓಡಿಸಿದೆವು. 30ರಲ್ಲಿ: ಪಶ್ಚಿಮಕ್ಕೆ 129, ಪೂರ್ವಕ್ಕೆ 111. 50ರಲ್ಲಿ: ಪಶ್ಚಿಮಕ್ಕೆ 81, ಪೂರ್ವಕ್ಕೆ 63. ಟ್ಯೂಬ್ ಎರಡೂ ಒಂದೇ ರೋಲಿನಿಂದ ಕತ್ತರಿಸಿದ್ದು, ಒಂದೇ ದಪ್ಪ. ಉದ್ದದಿಂದ ಏನಾಗಬೇಕು?

ಗಾಳಿಕೊಳವೆ:
ಆಗಬೇಕಾದ್ದೆಲ್ಲ ಆಗಿದೆ. ಈ ನಾಲ್ಕು ಅಂಕಿ ನೋಡಿ. 30ರಲ್ಲಿ 1 ಮೀಟರ್ ದಾಟಲು 120 ಮಿಲಿಸೆಕೆಂಡ್ ಬೇಕು. ನಿಮಗೆ ಒಂದು ಕಡೆ 9 ಹೆಚ್ಚು, ಇನ್ನೊಂದು ಕಡೆ 9 ಕಡಿಮೆ. 50ರಲ್ಲಿ 72 ಬೇಕು. ಅಲ್ಲೂ 9 ಹೆಚ್ಚು, 9 ಕಡಿಮೆ. ಸ್ಪೀಡು ಬದಲಾದರೂ ಈ 9 ಕದಲಿಲ್ಲ. ಬೌನ್ಸ್ ಆಗಿದ್ದರೆ ಇಷ್ಟು ಶಿಸ್ತಾಗಿ ಬರ್ತಿರಲಿಲ್ಲ. ಒಂದು ಟ್ಯೂಬಿನ ಸುದ್ದಿ ಪ್ರತಿ ಸಲವೂ 9 ಮಿಲಿಸೆಕೆಂಡ್ ತಡವಾಗಿ ಪೆಟ್ಟಿಗೆ ಸೇರ್ತಿದೆ. ಅಲೆ ಓಡೋದು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್. 9 ಮಿಲಿಸೆಕೆಂಡಿಗೆ 3 ಮೀಟರ್. ನಿಮ್ಮ ಪಶ್ಚಿಮ ಬದಿಯ ಟ್ಯೂಬು ಇನ್ನೊಂದಕ್ಕಿಂತ 3 ಮೀಟರ್ ಉದ್ದ ಇರಬೇಕು. ಇದೆಯೋ ಇಲ್ಲವೋ ಹೇಳಿ.

ಸರ್ಕ್ಯೂಟ್_ಸಂಗ:
ಸೆನ್ಸರ್ ನಿಧಾನ ಇದ್ದರೂ ಇದೇ 9 ಬರುತ್ತೆ. ಟ್ಯೂಬ್ ಅಂತ ಹೇಗೆ ಖಚಿತ?

ಗಾಳಿಕೊಳವೆ:
ಇದು ನ್ಯಾಯವಾದ ಪ್ರಶ್ನೆ. ಪೆಟ್ಟಿಗೆಯಲ್ಲಿ ಎರಡು ಟ್ಯೂಬನ್ನೂ ಅದಲು ಬದಲು ಮಾಡಿ ಚುಚ್ಚಿ. ತಡ ಟ್ಯೂಬಿನ ಜೊತೆ ಹೋದರೆ ಟ್ಯೂಬ್, ಸೆನ್ಸರಿನ ಹತ್ತಿರವೇ ಉಳಿದರೆ ಸಂಗ ಅವರು ಹೇಳಿದ್ದೇ ಸರಿ.

ಬೀದಿದೀಪ_7:
ಅದಲು ಬದಲು ಮಾಡಿದೆ. ಟ್ಯೂಬಿನ ಜೊತೆ ಹೋಯ್ತು. ಮತ್ತೆ ಹೌದು, ಒಂದು 12 ಮೀಟರ್, ಇನ್ನೊಂದು 15. ಮುಂದೆ ಅಗಲ ರಸ್ತೆಗೆ ಬೇಕಾಗಬಹುದು ಅಂತ ಕತ್ತರಿಸದೆ ಬಿಟ್ಟಿದ್ದೆ. ಆದರೆ ಆ ಹೆಚ್ಚಿನ 3 ಮೀಟರ್ ರಸ್ತೆ ಮೇಲೆ ಇಲ್ಲವಲ್ಲ! ಪೆಟ್ಟಿಗೆ ಹಿಂದೆ ಸುರುಳಿ ಸುತ್ತಿ ಇಟ್ಟಿದ್ದೇನೆ. ಅದಕ್ಕೇ ಹೇಳುವಂಥದ್ದೇನೂ ಅಲ್ಲ ಅಂದುಕೊಂಡೆ.

ಗಾಳಿಕೊಳವೆ:
ಸುತ್ತಿಟ್ಟರೂ ಅಲೆ ಆ ಸುರುಳಿಯೊಳಗೆಲ್ಲ ಸುತ್ತಿಯೇ ಬರಬೇಕು. ಚಕ್ರ ತುಳಿದ ಜಾಗದಿಂದ ಸೆನ್ಸರ್ ಮೂತಿಯವರೆಗಿನ ದಾರಿ ಎರಡಕ್ಕೂ ಒಂದೇ ಇರಬೇಕು, ಲೆಕ್ಕ ಅಷ್ಟೇ. ಅದೇ 3 ಮೀಟರ್ ಬಿರಡೆಯ ಕಡೆ ಇದ್ದಿದ್ದರೆ ಸ್ಪೀಡು ಕೆಡ್ತಿರಲಿಲ್ಲ. ಪೆಟ್ಟಿಗೆ ಒಂದು ಟ್ಯೂಬಿಗೆ ಹತ್ತಿರ ಇದ್ದರೆ ಆ ಟ್ಯೂಬನ್ನೇ ಸ್ವಲ್ಪ ಸುತ್ತಿಡಿ, ಎಳೆದು ಗಿಡ್ಡ ಮಾಡಬೇಡಿ.

ಬೀದಿದೀಪ_7:
ಕತ್ತರಿಸಿದೆ. 50ಕ್ಕೆ ಎರಡೂ ಕಡೆ 50. ಎರಡು ವಾರ ನಿದ್ದೆ ಕೆಡಿಸಿದ್ದು ಒಂದು ಸುರುಳಿ! ತುಂಬಾ ಉಪಕಾರ ಆಯ್ತು ಸರ್. ಪೂರ್ವಕ್ಕೆ ಹೋಗುವವರ ಮೇಲೆ ಸುಮ್ಮನೆ ದೂರು ಹೊರಿಸುವುದರಲ್ಲಿದ್ದೆ. ಹಳೆ ಮೂರು ದಿನದ ಲೆಕ್ಕ ಅಳಿಸಿ ಹಾಕ್ತೇನೆ.

ಆಕ್ಸಲ್ ಮಾತ್ರ ಇನ್ನೂ ಹೆಚ್ಚು ಬರ್ತಿದೆ, ಡಿಬೌನ್ಸ್ ಮತ್ತೆ 10 ಮಾಡಿದ್ದೇನೆ. ಹೆಚ್ಚಿನವು ಪೆಟ್ಟಿಗೆಯಿಂದ ಆಚೆ ಬದಿಯ ಗಾಡಿಗಳಿಗೆ, ನಿಜವಾದ ಆಕ್ಸಲ್ ಆದ ಸುಮಾರು 20 ಮಿಲಿಸೆಕೆಂಡಿಗೆ.

ಗಾಳಿಕೊಳವೆ:
ಅಳಿಸಬೇಡಿ! 3600ನ್ನು ಸ್ಪೀಡಿನಿಂದ ಭಾಗಿಸಿದರೆ ಮಿಲಿಸೆಕೆಂಡ್ ವಾಪಸ್ ಸಿಗುತ್ತೆ. ಪೂರ್ವದವಕ್ಕೆ 9 ಸೇರಿಸಿ, ಪಶ್ಚಿಮದವಕ್ಕೆ 9 ಕಳೆಯಿರಿ, ಮತ್ತೆ ಸ್ಪೀಡ್ ಮಾಡಿ. 57 ಅಂದರೆ 63, 9 ಸೇರಿಸಿದರೆ 72, ಅದು 50.

20 ಮಿಲಿಸೆಕೆಂಡಿನದ್ದು ಪ್ರತಿಧ್ವನಿ. ಅಲೆ ಎರಡೂ ಕಡೆ ಓಡುತ್ತೆ, ಬಿರಡೆಗೆ ಬಡಿದು ವಾಪಸ್ ಬರುತ್ತೆ. ಬಿರಡೆಗೆ 3.4 ಮೀಟರ್ ಹೋಗಿ ಬಂದರೆ 20 ಆಗುತ್ತೆ.

ಸರ್ಕ್ಯೂಟ್_ಸಂಗ:
ಅಂದರೆ ಕೊನೆಗೂ ಡಿಬೌನ್ಸೇ. ನಾನು ಮೊದಲ ದಿನವೇ ಹೇಳಿದ್ದೆ. 30 ಇಡಿ ಸಾಕು.

ಗಾಳಿಕೊಳವೆ:
ಎಣಿಕೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ ಸಂಗ ಅವರೇ, ಒಪ್ಪಿದೆ. ಆದರೆ 30 ಸಾಲದು. ಈಚೆ ಬದಿಯ ಚಕ್ರ ಬಿರಡೆಯಿಂದ 7 ಮೀಟರ್ ದೂರ ಇದ್ದರೆ ಪ್ರತಿಧ್ವನಿ 41ಕ್ಕೆ ಬರುತ್ತೆ. 45 ಇಡಿ. ಜೋಡಿ ಆಕ್ಸಲ್ ನುಂಗಬೇಕಾದರೆ ಲಾರಿ ಗಂಟೆಗೆ 100 ಕಿ.ಮೀ. ದಾಟಿ ಓಡಬೇಕಾಗುತ್ತೆ.

ಸರ್ಕ್ಯೂಟ್_ಸಂಗ:
ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಅಲೆ ಸೊರಗಿ ಹೋಗಿರುತ್ತೆ, ಸೆನ್ಸರಿಗೆ ತಾಗಲ್ಲ. ನನ್ನದು 30ರಲ್ಲೇ ನಾಲ್ಕು ಟ್ಯೂಬ್ ಓಡ್ತಿದೆ, ಎರಡು ಲೇನ್ ಬೇರೆ ಬೇರೆ, ಡೇಟಾ ನೇರ ಫೋನಿಗೆ ಬರುತ್ತೆ. ಫೋಟೋ ಹಾಕ್ತೇನೆ ಇರಿ.

ಬೆಳಗಿನ_ರೈಡರ್:
ನನ್ನದೂ ಹಾಕ್ತೇನೆ.

ಬೀದಿದೀಪ_7:
45 ಇಟ್ಟೆ. ಸಂಜೆ ಎರಡು ಗಂಟೆ ಪಕ್ಕದಲ್ಲೇ ಕೂತು ಕೈಯಲ್ಲಿ ಎಣಿಸಿದೆ. ಆಕ್ಸಲ್ ತಾಳೆಯಾಗ್ತಿದೆ, ಜೋಡಿ ಆಕ್ಸಲ್ ಲಾರಿಗಳೂ ಸರಿಯಾಗಿ ಬರ್ತಿವೆ. ಹಳೆ ಮೂರು ದಿನವನ್ನೂ ಹೇಳಿದ ಹಾಗೆ ತಿದ್ದಿದೆ. ಎರಡು ದಿಕ್ಕಿನ ಸ್ಪೀಡು ಈಗ ಹೆಚ್ಚುಕಡಿಮೆ ಒಂದೇ, ಎರಡೂ ಕಡೆಯವರು ಜೋರಾಗಿಯೇ ಓಡಿಸ್ತಿದ್ದಾರೆ. ನಾಳೆ ಕೊಟ್ಟು ಬರ್ತೇನೆ.