ಸೀರೆಯ ಅಂಚಿನ 20 ಫೈಲ್, ಒಂದೇ ಚಿತ್ರದಲ್ಲಿ ಲೇಯರ್ ಆಗಬೇಕು: ಮಾಡಿದವರು ಹೇಳಿ

ಇಳಕಲ್‌ನಿಂದ, ಕೇಳಿದವರು

ನಮ್ಮದು ನೇಕಾರರ ಮನೆ. ಮಗ್ಗ ಅಪ್ಪನದು, ಗಿರಾಕಿಗಳ ಜೊತೆ ಮಾತು ನನ್ನದು. ಗೋಮಿ, ಗಾಡಿ, ಪರಾಸಪೇಟ, ಚಿಕ್ಕಿ ಪರಾಸ ಅಂತ ಅಂಚಿನ ನಮೂನೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಬಣ್ಣ ಬದಲಿಸಿದ್ದೂ ಸೇರಿ 20 ಫೈಲ್ ಆಗಿದೆ. ಒಡಲಿನ ಚಿತ್ರದ ಮೇಲೆ ಇವು ಒಂದೊಂದು ಲೇಯರ್ ಆಗಿ, ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಗಳ ಹಾಗೆ, ಕೂತರೆ ಸಾಕು. ಗಿರಾಕಿ ಮುಂದೆ ಕಣ್ಣಿನ ಗುರುತು ಒತ್ತಿ, ಒಂದು ಅಂಚು ಮರೆಮಾಡಿ ಇನ್ನೊಂದು ತೋರಿಸಬಹುದು. ಈಗ ಪ್ರತಿ ಒಡಲಿನ ಬಣ್ಣಕ್ಕೂ 20 ಫೈಲ್ ತೆರೆದು, ಕಾಪಿ ಮಾಡಿ, ಪೇಸ್ಟ್ ಮಾಡಿ, ಹೆಸರು ಹಾಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ನನ್ನ ಹತ್ತಿರ ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್ 2.10 ಇದೆ. ಕೆಲಸ ತಾನಾಗಿ ನಡೆಯುವಂತೆ ಕಂಪ್ಯೂಟರಿಗೆ ಸೂಚನೆ ಬರೆದಿಡುವ ಸ್ಕ್ರಿಪ್ಟ್ ಬರೆದು ಗೊತ್ತಿಲ್ಲ. ನೀವು ಹೇಗೆ ಮಾಡಿದಿರಿ, ಎಲ್ಲಿ ಎಡವಿದಿರಿ, ಹೇಳ್ತೀರಾ?

ಗುಳೇದಗುಡ್ಡದಿಂದ

ಅಕ್ಕಾ, ಖಣದ ನಮೂನೆಗಳಿಗೆ ನಾನು ಮಾಡುವುದೂ ಇದನ್ನೇ. ಒಂದೇ ಒಡಲು ಇದ್ದರೆ ಸ್ಕ್ರಿಪ್ಟ್ ಬೇಡವೇ ಬೇಡ. ಗಿಂಪ್‌ನಲ್ಲಿ ಒಡಲಿನ ಚಿತ್ರ ತೆರೆಯಿರಿ. ಫೈಲ್ ಮೆನುವಿನಲ್ಲಿ 'ಓಪನ್ ಆಸ್ ಲೇಯರ್ಸ್' ಇದೆ. ಅದರಲ್ಲಿ ಶಿಫ್ಟ್ ಹಿಡಿದು 20 ಫೈಲನ್ನೂ ಒಟ್ಟಿಗೆ ಆರಿಸಿ. ಎಲ್ಲವೂ ಲೇಯರ್ ಆಗಿ ಬರುತ್ತವೆ, ಫೈಲಿನ ಹೆಸರೇ ಲೇಯರಿನ ಹೆಸರಾಗುತ್ತದೆ. ನಿಮಗೆ ಒಡಲಿನ ಬಣ್ಣ ಹತ್ತಾರು ಇವೆ, ಅದಕ್ಕೇ ಸ್ಕ್ರಿಪ್ಟ್ ಬರೆದರೆ ಲಾಭ.

ಸ್ಕ್ರಿಪ್ಟ್-ಫೂ ಅಂದರೆ ಗಿಂಪ್ ಒಳಗೇ ಬರುವ ಸ್ಕೀಮ್ ಭಾಷೆ. ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಕೆಲಸದ ಸಾಲು ಹೀಗಿದೆ. 'ಗಿಂಪ್-ಫೈಲ್-ಲೋಡ್' ಒಡಲಿನ ಚಿತ್ರ ತೆರೆಯುತ್ತದೆ. 'ಗಿಂಪ್-ಫೈಲ್-ಲೋಡ್-ಲೇಯರ್' ಒಂದು ಅಂಚನ್ನು ಓದಿಕೊಳ್ಳುತ್ತದೆ. 'ಗಿಂಪ್-ಇಮೇಜ್-ಇನ್ಸರ್ಟ್-ಲೇಯರ್' ಅದನ್ನು ಚಿತ್ರದೊಳಗೆ ಇಡುತ್ತದೆ. ಆಮೇಲೆ ಹೆಸರು ಕೊಡಿ. ಈ ಕೊನೆಯ ಮೂರು ಕೆಲಸ 20 ಸಲ ತಿರುಗಬೇಕು. ಕೊನೆಗೆ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ, ಅದು ಲೇಯರ್‌ಗಳನ್ನು ಹಾಗೇ ಉಳಿಸುವ ಗಿಂಪ್‌ನದೇ ಫೈಲ್ ಬಗೆ.

ನನ್ನ ಎರಡು ದಿನ ತಿಂದದ್ದು ಆ ಇನ್ಸರ್ಟ್. ಲೋಡ್-ಲೇಯರ್ ಅಂದ ಮೇಲೆ ಲೇಯರ್ ಬಂದೇ ಬಿಟ್ಟಿತು ಅಂದುಕೊಂಡಿದ್ದೆ. ಇಲ್ಲ, ಅದು ಬರೀ ಓದಿ ಕೈಯಲ್ಲಿ ಹಿಡಿದಿರುತ್ತದೆ. ಇನ್ಸರ್ಟ್ ಹೇಳದಿದ್ದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಇನ್ಸರ್ಟ್‌ನಲ್ಲಿ ಕೊನೆಯ ಅಂಕಿ ಜಾಗ. 0 ಅಂದರೆ ಎಲ್ಲಕ್ಕಿಂತ ಮೇಲೆ. ಹಾಗಾಗಿ ಕಡೆಗೆ ಓದಿದ ಅಂಚು ಎಲ್ಲದರ ಮೇಲೆ ಕೂರುತ್ತದೆ.

ಇನ್ನೊಂದು ತೊಡಕು: 2.10ರಲ್ಲಿ ಗಿಂಪ್ ವಾಪಸ್ ಕೊಡುವ ಉತ್ತರ ಒಂದು ಪಟ್ಟಿಯೊಳಗೆ ಸುತ್ತಿ ಬರುತ್ತದೆ. ಒಳಗಿನದನ್ನು ತೆಗೆಯಲು ಮುಂದೆ 'ಕಾರ್' (car) ಅಂತ ಬರೆಯಬೇಕು. ಅದು ಮರೆತರೆ ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ವಿಂಡೋಸ್ ಆದರೆ ಫೋಲ್ಡರ್ ದಾರಿಯಲ್ಲಿ ಹಿಂದಕ್ಕೆ ಬಾಗಿದ ಗೆರೆ ಬೇಡ, ಮುಂದಕ್ಕೆ ಬಾಗಿದ್ದು ಹಾಕಿ. ಹಿಂದಕ್ಕೆ ಬಾಗಿದ ಗೆರೆಗೆ ಸ್ಕೀಮ್‌ನಲ್ಲಿ ಬೇರೆಯೇ ಅರ್ಥ ಇದೆ.

ಫೋಲ್ಡರಿನ ಎಲ್ಲ ಫೈಲ್ ಹುಡುಕಿ ಕೊಡುವ 'ಫೈಲ್-ಗ್ಲೋಬ್' ಕೂಡ ಇದೆ. ಆದರೆ ಅದು ಕೊಡುವ ಸಾಲನ್ನು ನೆಚ್ಚಿಕೊಳ್ಳಬೇಡಿ. 20 ಹೆಸರನ್ನು ಸ್ಕ್ರಿಪ್ಟ್‌ನಲ್ಲೇ ನಿಮಗೆ ಬೇಕಾದ ಸಾಲಿನಲ್ಲಿ ಬರೆದುಬಿಡಿ. ಹತ್ತು ನಿಮಿಷದ ಕೆಲಸ.

ಬೆಳಗಾವಿಯಿಂದ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಮಾಡುವವರು

ಫೋಟೋಶಾಪ್ ಇದ್ದವರಿಗೆ ಬರೆಯುವ ಕೆಲಸವೇ ಇಲ್ಲ. ಫೈಲ್, ಸ್ಕ್ರಿಪ್ಟ್ಸ್, 'ಲೋಡ್ ಫೈಲ್ಸ್ ಇಂಟು ಸ್ಟ್ಯಾಕ್'. ನಾನು ಲಗ್ನಪತ್ರಿಕೆಗಳ ನಮೂನೆಗೆ ಇದನ್ನೇ ಬಳಸುತ್ತೇನೆ.

ನನ್ನ ಅನುಭವ ಬೇರೆ ವಿಷಯದ್ದು, ಮೆಮೊರಿ. ಎ4 ಹಾಳೆಯನ್ನು 600 ಡಿಪಿಐಗೆ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 4960 × 7016 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಲೆಕ್ಕ ಹಿಡಿದರೂ ಒಂದು ಲೇಯರ್ 139 ಎಂಬಿ ಆಗುತ್ತದೆ. ಅಂಥ 20 ಅಂದರೆ 2.7 ಜಿಬಿ ದಾಟುತ್ತದೆ. ಡಿಸ್ಕಿನ ಮೇಲೆ ಫೈಲ್ ಚಿಕ್ಕದಾಗಿ ಕಂಡರೂ ತೆರೆದಾಗ ಇಷ್ಟು ಜಾಗ ಬೇಕು. ನಮ್ಮ ಹಳೇ ಕಂಪ್ಯೂಟರ್ ಇದರಲ್ಲೇ ಗಂಟೆಗಟ್ಟಲೆ ನಿಂತುಬಿಡುತ್ತಿತ್ತು, ನಾನು ಸ್ಕ್ರಿಪ್ಟಿನಲ್ಲಿ ತಪ್ಪು ಹುಡುಕುತ್ತಿದ್ದೆ. 300 ಡಿಪಿಐ ಆದರೆ ಕಾಲು ಭಾಗ, 35 ಎಂಬಿ. ಗಿರಾಕಿಗೆ ತೋರಿಸಲು ಅದು ಬೇಕಾದಷ್ಟಾಯಿತು. ನೇಯ್ಗೆಗೆ ಬೇಕಾದ ದೊಡ್ಡ ಸ್ಕ್ಯಾನ್ ಬೇರೆ ಫೋಲ್ಡರಿನಲ್ಲಿ ಭದ್ರವಾಗಿ ಇರಲಿ.

ಇಳಕಲ್‌ನಿಂದ

ಸ್ಕ್ರಿಪ್ಟ್ ನಡೆಯಿತು, 20 ಲೇಯರ್ ಬಂದವು! ತುಂಬಾ ಥ್ಯಾಂಕ್ಸ್. ಆದರೆ ಎರಡು ತೊಂದರೆ. ಮೇಲಿನ ಅಂಚಿನ ಸುತ್ತ ಬಿಳಿ ಇದೆ, ಕೆಳಗಿನ ಒಡಲು ಕಾಣುವುದೇ ಇಲ್ಲ. ಇನ್ನು ಒಂದು ಒಡಲಿಗೆ ಹಾಕಿದಾಗ ಕೆಂಪು ಅಂಚೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ.

ಗುಳೇದಗುಡ್ಡದಿಂದ

ಬಿಳಿ ಬರುವುದು ಜೆಪೆಗ್ ಫೈಲ್‌ಗಳಿಂದ. ಜೆಪೆಗ್‌ನಲ್ಲಿ ಪಾರದರ್ಶಕ ಜಾಗ ಇರಲು ಆಗುವುದಿಲ್ಲ, ಖಾಲಿ ಅಂದರೆ ಬಿಳಿಯೇ. ಅಂಚನ್ನು ಒಮ್ಮೆ ಕತ್ತರಿಸಿ, ಸುತ್ತಲಿನ ಬಿಳಿ ಅಳಿಸಿ, ಪಿಎನ್‌ಜಿ ಆಗಿ ಇಟ್ಟುಕೊಳ್ಳಿ. ಈ ಕೆಲಸ ಕೈಯಿಂದಲೇ ಮಾಡಿ ಅಂತೀನಿ. ನಿಮ್ಮ ಅಂಚಿನಲ್ಲಿ ಬಿಳಿ ಎಳೆಯೂ ಇರುತ್ತದಲ್ವಾ, ಬಿಳಿ ಬಣ್ಣವನ್ನೇ ತೆಗೆ ಅಂತ ಸ್ಕ್ರಿಪ್ಟಿಗೆ ಹೇಳಿದರೆ ಅದೂ ಹೋಗುತ್ತದೆ. ನನ್ನ ಖಣದ ಚಿಕ್ಕೆಗಳು ಹಾಗೆಯೇ ತೂತು ಬಿದ್ದಿದ್ದವು.

ಬೂದಿ ಬಣ್ಣಕ್ಕೆ ಕಾರಣ ಆ ಒಡಲಿನ ಫೈಲ್. ಅದನ್ನು ಗ್ರೇಸ್ಕೇಲ್‌ನಲ್ಲಿ, ಅಂದರೆ ಬಣ್ಣವಿಲ್ಲದೆ ಕಪ್ಪು-ಬಿಳಿಯಾಗಿ, ಸ್ಕ್ಯಾನ್ ಮಾಡಿರಬೇಕು. ಚಿತ್ರ ಯಾವ ಬಗೆಯದೋ, ಅದರೊಳಗೆ ಬರುವ ಲೇಯರೂ ಅದೇ ಬಗೆಗೆ ತಿರುಗುತ್ತದೆ. ಒಡಲು ತೆರೆದ ತಕ್ಷಣ, ಅಂಚು ಓದುವ ಮುಂಚೆ, ಚಿತ್ರವನ್ನು ಬಣ್ಣದ ಬಗೆಗೆ (ಆರ್‌ಜಿಬಿ) ತಿರುಗಿಸುವ 'ಗಿಂಪ್-ಇಮೇಜ್-ಕನ್ವರ್ಟ್-ಆರ್‌ಜಿಬಿ' ಸಾಲು ಸೇರಿಸಿ. ಗ್ರೇಸ್ಕೇಲ್ ಒಡಲಿನ ಸ್ಕ್ರಿಪ್ಟಿಗೆ ಮಾತ್ರ ಹಾಕಿ, ಮೊದಲೇ ಆರ್‌ಜಿಬಿ ಇದ್ದದ್ದಕ್ಕೆ ಹಾಕಿದರೆ ತಪ್ಪು ಅಂತ ನಿಲ್ಲುತ್ತದೆ.

ಗಿಂಪ್ 3.0 ಹಾಕಿಕೊಳ್ಳುವ ಯೋಚನೆ ಇದ್ದರೆ ಈ ಕೆಲಸ ಮುಗಿದ ಮೇಲೆ ಹಾಕಿಕೊಳ್ಳಿ. 2025ರ ಮಾರ್ಚ್‌ನಲ್ಲಿ ಬಂದದ್ದು ಅದು. ಹಳೇ ಪೈಥಾನ್ ಪ್ಲಗಿನ್‌ಗಳು ಅದರಲ್ಲಿ ನಡೆಯುವುದಿಲ್ಲ, ಸ್ಕ್ರಿಪ್ಟ್-ಫೂನಲ್ಲೂ ಕೆಲವು ಹೆಸರು ಬದಲಾಗಿವೆ.

ವಿಜಯಪುರದಿಂದ

ನಾನು ಹಳ್ಳಿಗಳ ವೀರಗಲ್ಲುಗಳ ಫೋಟೋ ತೆಗೆಯುತ್ತೇನೆ. ಸಂಜೆ ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು, ಟಾರ್ಚನ್ನು ನಾಲ್ಕು ದಿಕ್ಕಿನಿಂದ ಓರೆಯಾಗಿ ಹಿಡಿದು ನಾಲ್ಕು ಫೋಟೋ. ಅವನ್ನು ಸ್ಕ್ರಿಪ್ಟ್‌ನಿಂದ ಲೇಯರ್ ಮಾಡಿ, ಮೇಲಿನ ಮೂರಕ್ಕೂ 'ಡಾರ್ಕನ್ ಓನ್ಲಿ' ಮೋಡ್ ಹಾಕುತ್ತೇನೆ, ಅಂದರೆ ಪ್ರತಿ ಜಾಗದಲ್ಲೂ ಹೆಚ್ಚು ಕಪ್ಪಾದದ್ದು ಮಾತ್ರ ಕಾಣುತ್ತದೆ. ನಾಲ್ಕೂ ಕಡೆಯ ನೆರಳು ಉಳಿದು, ಸವೆದ ಅಕ್ಷರದ ಗೀರು ಕಾಣುತ್ತದೆ. ಮೊದಲು 'ಲೈಟನ್ ಓನ್ಲಿ' ಹಾಕಿದ್ದೆ, ನೆರಳೆಲ್ಲ ಹೋಗಿ ಕಲ್ಲು ಸಪಾಟಾಯಿತು.

ತಂಗೀ, ನಿನ್ನ ಕೆಲಸಕ್ಕೆ ಇದರಿಂದ ಸಿಗುವುದು ಒಂದೇ: ಲೇಯರ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು. ಸ್ಕ್ರಿಪ್ಟ್ ಎಲ್ಲವನ್ನೂ ಮೇಲಿನ ಎಡ ಮೂಲೆಗೆ ಹಚ್ಚುತ್ತದೆ. ಹಾಳೆ ಸ್ಕ್ಯಾನರ್‌ನಲ್ಲಿ ಒಂದಿಷ್ಟು ಓರೆಯಾದರೂ ಅಂಚು ಒಡಲಿನಿಂದ ಜಾರುತ್ತದೆ. ನಮೂನೆ ಹಾಳೆಯ ನಾಲ್ಕೂ ಮೂಲೆಗೆ ಪೆನ್ಸಿಲಿನಲ್ಲಿ ಕೂಡಿಸುವ ಗುರುತು ಬರೆದು ಸ್ಕ್ಯಾನ್ ಮಾಡು. ಗುರುತು ನೋಡಿ ಒಮ್ಮೆ ನೇರ ಮಾಡಿ, ಎಲ್ಲ ಫೈಲನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಮತ್ತೆ ಸರಿಸುವ ಗೋಜಿಲ್ಲ. ನನ್ನ ಹಾಗೆ ಫೋಟೋ ಆದರೆ, ಫೋಟೋ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್ ಜೊತೆ ಉಚಿತವಾಗಿ ಬರುವ 'ಅಲೈನ್ ಇಮೇಜ್ ಸ್ಟ್ಯಾಕ್' ಆ ಜೋಡಣೆ ಮಾಡಿಕೊಡುತ್ತದೆ.

ಇಳಕಲ್‌ನಿಂದ

ಅಣ್ಣಾ, ಗುರುತು ಹಾಕಿ ಮತ್ತೆ ಸ್ಕ್ಯಾನ್ ಮಾಡಿದೆ, 300 ಡಿಪಿಐಗೆ. ಇವತ್ತು ನಾಲ್ಕು ಒಡಲು ಮುಗಿದವು. ಅಪ್ಪ ಪಕ್ಕದಲ್ಲಿ ಕೂತು ಒಂದೊಂದೇ ಅಂಚು ಬದಲಿಸಿ ನೋಡಿದರು. ಕಪ್ಪು ಒಡಲಿಗೆ ಗಾಡಿ ಅಂಚನ್ನು ಅವರು ಇಷ್ಟು ವರ್ಷ ಯೋಚಿಸಿರಲಿಲ್ಲವಂತೆ, ನೇಯ್ದು ನೋಡುತ್ತೇನೆ ಅಂದರು. ಇನ್ನು ಸೆರಗು. ತೋಪು ತೆನೆ ಸೆರಗಿನ ಚಿತ್ರ ಸ್ಕ್ಯಾನರ್‌ಗೆ ಹಿಡಿಸುವುದಿಲ್ಲ, ಎರಡು ತುಂಡಾಗಿ ತೆಗೆದಿದ್ದೇನೆ.

ಗುಳೇದಗುಡ್ಡದಿಂದ

ತುಂಡು ಎರಡನ್ನೂ ಮೊದಲು ಬೇರೆ ಚಿತ್ರದಲ್ಲಿ ಕೂಡಿಸಿ ಒಂದೇ ಪಿಎನ್‌ಜಿ ಮಾಡಿಬಿಡಿ, ಅಕ್ಕಾ. ಸ್ಕ್ರಿಪ್ಟಿಗೆ ಆ ಒಂದು ಫೈಲ್ ಕೊಡಿ. ಸೆರಗು ಒಡಲಿಗಿಂತ ಅಗಲ ಇದ್ದರೆ ಹೊರಗಿನ ಭಾಗ ಕಾಣುವುದಿಲ್ಲ. ಸೇವ್ ಮಾಡುವ ಸಾಲಿನ ಮುಂಚೆ 'ಗಿಂಪ್-ಇಮೇಜ್-ರಿಸೈಜ್-ಟು-ಲೇಯರ್ಸ್' ಹಾಕಿ, ಪೂರ್ತಿ ಸೆರಗು ಕಾಣುತ್ತದೆ.