ಉಳಿದ ಡ್ರೈ ಐಸ್ ಎಲ್ಲಿ ಹಾಕೋದು? ಮನೆಯಲ್ಲಿ ಪುಟ್ಟ ಮಗು ಇದೆ

ಮೂಡಿಗೆರೆ ಸೊಸೆ:
ನಿನ್ನೆ ನಾದಿನಿಯ ನಿಶ್ಚಿತಾರ್ಥ ಮನೆಯಲ್ಲೇ ಆಯಿತು. ಹೊಗೆ ಬರಿಸೋಕೆ ತಂದಿದ್ದ ಡ್ರೈ ಐಸ್ ಉಳಿದಿದ್ದನ್ನು ಡೆಕೋರೇಷನ್‌ನವರು ಥರ್ಮೋಕೋಲ್ ಬಾಕ್ಸ್ ಸಮೇತ ಬಿಟ್ಟು ಹೋಗಿದ್ದಾರೆ. ಮೂರ್ನಾಲ್ಕು ಕೆಜಿ ಇರಬಹುದು. ಈಗ ಉಗ್ರಾಣದಲ್ಲಿದೆ. ಮಳೆ ಜೋರು, ಕಿಟಕಿ ಎಲ್ಲಾ ಮುಚ್ಚಿದ್ದೇವೆ. ಅತ್ತೆ ಸಿಂಕಿಗೆ ಹಾಕಿ ಬಿಸಿನೀರು ಸುರಿ ಅನ್ನುತ್ತಾರೆ. ಮಾವ ಹಿತ್ತಲಿನ ಹಾಳುಬಾವಿಗೆ ಎಸಿ ಅನ್ನುತ್ತಾರೆ. ಯಾವುದು ಸರಿ? ಎರಡು ವರ್ಷದ ಮಗಳು ಮನೆ ತುಂಬಾ ಓಡಾಡುತ್ತಾಳೆ, ಅದೇ ಭಯ.

ಹಾಸನದ ಐಸ್‌ಕ್ರೀಮ್ ಗಾಡಿ:
ಅಕ್ಕಾ, ಮಗುನ ಆ ಕಡೆ ಬಿಡಬೇಡಿ. ಉಗ್ರಾಣದ ಬಾಗಿಲು, ಕಿಟಕಿ ತೆಗೆದು ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮೇಲೆ ಬಾಕ್ಸ್ ಹೊರಗೆ ತನ್ನಿ. ತಲೆನೋವು, ಏದುಸಿರು ಬಂದರೆ ತಕ್ಷಣ ಆಚೆ ಬಂದುಬಿಡಿ. ಉಳಿದಿದ್ದನ್ನು ಆಮೇಲೆ ಓದಿ.

ನಮ್ಮದು ಐಸ್‌ಕ್ರೀಮ್ ಸಪ್ಲೈ, ಇದರ ಜೊತೆಗೇ ದಿನಾ ಒಡನಾಟ. ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಕರಗಿ ನೀರಾಗಲ್ಲ, ನೇರ ಗ್ಯಾಸ್ ಆಗುತ್ತದೆ. ಒಂದು ಕೆಜಿಗೆ 500 ಲೀಟರಿಗೂ ಜಾಸ್ತಿ. ಆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ನಿಮ್ಮ ಮಗಳು ಉಸಿರಾಡೋದೂ ಅದೇ ಎತ್ತರದಲ್ಲಿ, ಅಲ್ವಾ? ಗಾಡಿಯಲ್ಲಿ ಒಂದು ಸಣ್ಣ ಬಾಕ್ಸ್ ಇದ್ದರೂ ನಾನು ಗ್ಲಾಸ್ ಇಳಿಸಿಯೇ ಓಡಿಸೋದು, ಮಳೆ ಬರಲಿ ಏನೇ ಬರಲಿ.

ಬಾವಿ ಖಂಡಿತ ಬೇಡ. ಗ್ಯಾಸ್ ತಳದಲ್ಲೇ ಕೂರುತ್ತದೆ, ಕಣ್ಣಿಗೂ ಕಾಣಲ್ಲ. ಹಾಳುಬಾವಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪೇಪರಲ್ಲಿ ಓದಿರುತ್ತೀರಿ. ಮಾವನಿಗೆ ಇದನ್ನು ದಯವಿಟ್ಟು ಹೇಳಿ. ಸಿಂಕೂ ಬೇಡ. ಮೈನಸ್ 78 ಡಿಗ್ರಿ ಚಳಿಗೆ ಪೈಪ್ ಬಿರುಕು ಬಿಡುತ್ತದೆ. ಬಿಸಿನೀರು ಸುರಿದರೆ ಗ್ಯಾಸೆಲ್ಲಾ ಒಟ್ಟಿಗೇ ಅಡುಗೆಮನೆಗೆ ನುಗ್ಗುತ್ತದೆ. ಬಾಟಲಿ, ಬಿಗಿ ಡಬ್ಬಿಗೆ ತುಂಬಿ ಮುಚ್ಚಿದರೆ ಸಿಡಿಯುತ್ತದೆ. ಫ್ರಿಜ್ಜಲ್ಲೂ ಇಡಬೇಡಿ.

ಸುಮ್ನೆ ಬಯಲಲ್ಲಿ ಬಿಡಿ, ತಾನಾಗಿ ಹೋಗುತ್ತದೆ. ಸುತ್ತ ಗೋಡೆ ಇಲ್ಲದ ಶೆಡ್ ಇದ್ದರೆ ಅಲ್ಲಿಟ್ಟು ಮುಚ್ಚಳ ತೆಗೆದಿಡಿ. ತಗ್ಗಿನ ಜಾಗ ಬೇಡ. ಮಕ್ಕಳು, ನಾಯಿ ಹತ್ತಿರ ಹೋಗದ ಹಾಗೆ ಒಬ್ಬರು ನೋಡಿಕೊಳ್ಳಿ. ತುಂಡು ಎತ್ತಬೇಕಾದರೆ ಇಕ್ಕಳ, ಇಲ್ಲಾ ಒಣಗಿದ ದಪ್ಪ ಗ್ಲೌಸ್. ಒದ್ದೆ ಬಟ್ಟೆಯಲ್ಲಿ ಹಿಡಿಯಲೇಬೇಡಿ, ಬಟ್ಟೆ ಹೆಪ್ಪುಗಟ್ಟಿ ಕೈಗೆ ಅಂಟಿಕೊಳ್ಳುತ್ತದೆ.

ಚಿಕ್ಕಮಗಳೂರು ನರ್ಸ್:
ಒಂದು ಮಾತು ಸೇರಿಸುತ್ತೇನೆ. ಯಾರಾದರೂ ಬರಿಗೈಲಿ ಮುಟ್ಟಿ ಚರ್ಮ ಬೆಳ್ಳಗಾದರೆ ಉಜ್ಜಬಾರದು, ಒಲೆ ಮುಂದೆ ಹಿಡಿಯಬಾರದು. ಉಗುರುಬೆಚ್ಚಗಿನ ನೀರಲ್ಲಿ ಇಟ್ಟು ಡಾಕ್ಟರಿಗೆ ತೋರಿಸಿ. ಮಗು ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ. ಚೂರು ಬಿದ್ದಿದೆಯಾ ಅಂತ ಉಗ್ರಾಣದ ನೆಲ ಒಮ್ಮೆ ನೋಡಿ.

ಮೂಡಿಗೆರೆ ಸೊಸೆ:
ಬಾಕ್ಸನ್ನು ಕಣದ ಪಕ್ಕದ ಶೆಡ್ಡಿಗೆ ಸಾಗಿಸಿದೆವು. ನಾಯಿ ಕಟ್ಟಿಹಾಕಿದ್ದೇವೆ. ಬಾವಿ ವಿಷಯ ಓದಿ ಹೇಳಿದ ಮೇಲೆ ಮಾವನೇ ಅಲ್ಲಿ ಕಾವಲಿದ್ದಾರೆ. ನಾಳೆಗೂ ಉಳಿದಿದ್ದರೆ?

ಹಾಸನದ ಐಸ್‌ಕ್ರೀಮ್ ಗಾಡಿ:
ಉಳಿದರೆ ಇನ್ನೊಂದು ದಿನ ಅಲ್ಲೇ ಬಿಡಿ. ಪೂರ್ತಿ ಖಾಲಿಯಾದ ಮೇಲೆ ಬಾಕ್ಸ್ ಬೇರೆ ಕೆಲಸಕ್ಕೆ ಬಳಸಬಹುದು. ಮದುವೆಗೂ ಹೊಗೆ ಬೇಕು ಅಂದರೆ, ಉಳಿದಿದ್ದನ್ನು ವಾಪಸ್ ಒಯ್ಯಬೇಕು ಅಂತ ಡೆಕೋರೇಷನ್‌ನವರಿಗೆ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ.