ಹಡಗು ಫ್ರೀ, ರಿಪೇರಿಗೆ ಮಾತ್ರ ದುಡ್ಡು

ಕಾಸರಗೋಡಿನ ಸೀತಾಂಗೋಳಿಯಲ್ಲಿ ಯುದ್ಧವಿಮಾನದ ವಿಷಯಕ್ಕೆ ಭಟ್ರು ಹೇಳಿದ್ದೇ ವೇದವಾಕ್ಯ. 2012ರಲ್ಲಿ ಇಲ್ಲಿ ಎಚ್‌ಎಎಲ್ ಘಟಕ ಶುರುವಾಯಿತು. ಅದರ ಗೇಟಿನಲ್ಲಿ ನಿಂತು ಕೂಗಿದರೆ ಭಟ್ರ ತೋಟಕ್ಕೆ ಕೇಳುತ್ತದೆ. ಒಳಗೆ ವಿಮಾನಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ತಯಾರಾಗುತ್ತದೆ. ಭಟ್ರು ಇಂದಿನವರೆಗೆ ಆ ಗೇಟು ದಾಟಿದವರಲ್ಲ. ಆದರೂ ಬಾಯಿ ತೆರೆದರೆ "ನಮ್ಮ ಎಚ್‌ಎಎಲ್‌ನಲ್ಲಿ..." ಎಂದೇ ಶುರು.

ಹೊರಗೆ ಮಳೆ, ಒಳಗೆ ಬಿಸಿ ಗೋಳಿಬಜೆ. ಇಷ್ಟಿದ್ದರೆ ದೇಶದ ರಕ್ಷಣೆ ನಮ್ಮ ಮೇಜಿಗೇ ಬರುತ್ತದೆ. ಗಲ್ಫಿನಿಂದ ವಾಪಸಾದ ಹಮೀದ್ ಕಿಡಿ ಹಚ್ಚಿದ. "ನೌಕಾಪಡೆಗೆ ಫ್ರಾನ್ಸಿನ ರಫೇಲ್ ಮರೀನ್ ಬದಲು ಅಮೆರಿಕದ ಸೂಪರ್ ಹಾರ್ನೆಟ್ ತಗೊಳ್ಳಬೇಕಿತ್ತು. 600ಕ್ಕೂ ಜಾಸ್ತಿ ತಯಾರಾದ ವಿಮಾನ. ರೆಕ್ಕೆ ಮಡಚುತ್ತದೆ. ರಫೇಲ್ ಮರೀನ್ ರೆಕ್ಕೆ ಮಡಚುವುದೇ ಇಲ್ಲ. ಹಡಗಿನಲ್ಲಿ ಜಾಗವೇ ಇಲ್ಲದಿರುವಾಗ ಅದೆಂಥಕ್ಕೆ ಮಾರಾಯ್ರೇ?"

ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ನಮ್ಮ ವಿಮಾನವಾಹಕ ಹಡಗು, 262 ಮೀಟರ್ ಉದ್ದದ ವಿಕ್ರಾಂತ್‌ನಲ್ಲೂ ಜಾಗಕ್ಕೆ ಬರ. ವಿಮಾನಗಳು ನಿಲ್ಲುವುದು ಕೆಳಗೆ, ಹಾರುವುದು ಮೇಲಿಂದ. ನಡುವೆ ಲಿಫ್ಟು. ಆ ಲಿಫ್ಟಿನ ಅಳತೆ ರಷ್ಯಾದ ಮಿಗ್-29ಕೆಗೆ ಹೊಂದುವಂಥದ್ದು. ರಫೇಲ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 10.9 ಮೀಟರ್. ಮಡಚದ ಆ ರೆಕ್ಕೆಗೆ ಲಿಫ್ಟು ಇಕ್ಕಟ್ಟು.

"ಲಿಫ್ಟು ಆಮೇಲೆ. ಮೊದಲು ಹಾರಬೇಕಲ್ಲ?" ಎಂದರು ಭಟ್ರು. ಅಮೆರಿಕ, ಫ್ರಾನ್ಸ್ ಹಡಗುಗಳಲ್ಲಿ ಕೆಟಪಲ್ಟ್ ಉಂಟು. ವಿಮಾನವನ್ನು ಎಳೆದು ಎಸೆಯುತ್ತದೆ. ನಮ್ಮ ವಿಕ್ರಾಂತ್, ವಿಕ್ರಮಾದಿತ್ಯ ಎರಡು ಹಡಗಿನಲ್ಲೂ ಅದಿಲ್ಲ, ಮುಂದುಗಡೆ ಸುಮಾರು 14 ಡಿಗ್ರಿ ಏರು ಮಾತ್ರ. ವಿಮಾನ ತನ್ನ ಬಲದಲ್ಲೇ ಓಡಿ ಹಾರಬೇಕು. ಇಂಧನ, ಬಾಂಬು ಜಾಸ್ತಿ ತುಂಬಿಸಿದರೆ ಏಳುವುದು ಕಷ್ಟ. ಕಂಪನಿಯ ಪುಸ್ತಕದಲ್ಲಿ ಸೂಪರ್ ಹಾರ್ನೆಟ್‌ನ ಗರಿಷ್ಠ ತೂಕ 30 ಟನ್ ಹತ್ತಿರ, ರಫೇಲ್‌ನದ್ದು 24.5 ಟನ್. ಆ ಲೆಕ್ಕ ಕೆಟಪಲ್ಟ್ ಇದ್ದವರಿಗೆ.

ಇಲ್ಲಿ ಶೆಟ್ರು ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿಯನ್ನು, ಮಾತಿಗೆ ತಂದರು. ಅವರಿಗೆ ಪ್ರಪಂಚದ ಯಾವ ವಿಷಯವೂ ಅಡಿಕೆ ದೋಟಿಗೇ ಬಂದು ಮುಟ್ಟುತ್ತದೆ. "ಭಟ್ರು ಕಾರ್ಬನ್ ಫೈಬರ್ ದೋಟಿ ತಂದದ್ದು ನೆನಪುಂಟಾ? ಅಂಗಡಿಯ ಅಂಗಳದಲ್ಲಿ 60 ಅಡಿ ಎತ್ತಿ ತೋರಿಸಿದರು, ಗರಿಯಷ್ಟು ಹಗುರ. ತೋಟದ ಇಳಿಜಾರಿನಲ್ಲಿ ಗಾಳಿ ಬೀಸಿತು. ತುದಿ ಕಿದೂರಿನ ಕಡೆ, ಭಟ್ರು ಕುಂಬಳೆ ಕಡೆ! ಅಡಿಕೆ ಕೊನೆ ಬಿದ್ದದ್ದು ಪಕ್ಕದವರ ತೋಡಿಗೆ."

ಭಟ್ರು ಗೋಳಿಬಜೆಯೊಳಗಿನ ಕಾಯಿಚೂರು ಹುಡುಕುವುದರಲ್ಲಿ ಮಗ್ನರಾದರು.

ನೌಕಾಪಡೆ ಅಂಗಳದ ಪ್ರದರ್ಶನ ನಂಬಲಿಲ್ಲ. 2022ರಲ್ಲಿ ಎರಡೂ ವಿಮಾನಗಳನ್ನು ಗೋವಾಕ್ಕೆ ಕರೆಸಿ, ಐಎನ್‌ಎಸ್ ಹಂಸ ಎಂಬ ತನ್ನ ವಿಮಾನ ನೆಲೆಯಲ್ಲಿ, ನೆಲದ ಮೇಲೆ ಕಟ್ಟಿದ ಅಂಥದ್ದೇ ಏರಿನಿಂದ ಹಾರಿಸಿತು. ಎರಡೂ ಹಾರಿದವು. ಹಾಗಾಗಿ ಪರೀಕ್ಷೆಯಿಂದ ಜಗಳ ಮುಗಿಯಲಿಲ್ಲ. ಮೇಲೆ ಏಳುವುದರಲ್ಲಿ ಇಬ್ಬರೂ ಪಾಸು ಅಂದ ಮೇಲೆ ಉಳಿದದ್ದು ಬಿಡಿಭಾಗ, ತರಬೇತಿ, ಬೆಲೆ, ಸ್ನೇಹ. ವಾಯುಪಡೆ 2016ರಲ್ಲೇ 36 ರಫೇಲ್‌ಗೆ ಸಹಿ ಹಾಕಿತ್ತು. ಮೆಕ್ಯಾನಿಕ್ಕೂ ಗೋದಾಮೂ ಮೊದಲೇ ಇದ್ದವು. ನನ್ನ ಮಟ್ಟಿಗೆ ರಫೇಲ್ ಗೆದ್ದದ್ದು ಆಕಾಶದಲ್ಲಲ್ಲ, ಆ ಗೋದಾಮಿನಲ್ಲಿ. ಅದು ತಪ್ಪು ಲೆಕ್ಕವೂ ಅಲ್ಲ.

ಹಮೀದ್ ಒಪ್ಪುವ ಜಾತಿಯಲ್ಲ. "ನಿಮ್ಮ ರಫೇಲ್‌ನ ಎದುರಾಳಿ ಯಾರು ಗೊತ್ತುಂಟಾ? ಒಮ್ಮೆ ಸೋತವನ ಮೊಮ್ಮಗ!" 1975ರ ಜನವರಿಯಲ್ಲಿ ಅಮೆರಿಕದ ವಾಯುಪಡೆ ಎರಡು ಇಂಜಿನ್ನಿನ ವೈಎಫ್-17ನ್ನು ಬದಿಗಿಟ್ಟು ಒಂಟಿ ಇಂಜಿನ್ನಿನ ವೈಎಫ್-16 ಆರಿಸಿತು. ನೌಕಾಪಡೆಯೂ ಅದನ್ನೇ ತಗೊಳ್ಳಲಿ, ದುಡ್ಡು ಉಳಿಯುತ್ತದೆ ಅಂತ ಮೇಲಿನಿಂದ ಒತ್ತಡ ಇತ್ತು. ಸಮುದ್ರದ ನಡುವೆ ಎರಡು ಇಂಜಿನ್ ಇದ್ದರೇ ಧೈರ್ಯ ಅಲ್ವಾ? ಅದೇ ವರ್ಷ ಮೇ ತಿಂಗಳಲ್ಲಿ ನೌಕಾಪಡೆ ಸೋತದ್ದನ್ನೇ ಎತ್ತಿಕೊಂಡಿತು. ಅದು ಬೆಳೆದು ಹಾರ್ನೆಟ್, ಮುಂದೆ ಸೂಪರ್ ಹಾರ್ನೆಟ್.

"ಇಂಗ್ಲೆಂಡಿನವರು ಇನ್ನೂ ಚಂದ" ಎಂದರು ಮೇಷ್ಟ್ರು. 2010ರಲ್ಲಿ ಹೊಸ ಸರ್ಕಾರ ಬಂತು. ಕೆಟಪಲ್ಟ್ ಇಲ್ಲದೆಯೇ ಹಾರುವ ಎಫ್-35ಬಿ ಯುದ್ಧವಿಮಾನ ಬೇಡ, ಕೆಟಪಲ್ಟ್‌ನಿಂದ ಹಾರುವ ಎಫ್-35ಸಿ ಸಾಕು ಎಂದಿತು. ಹಡಗಿಗೆ ಕೆಟಪಲ್ಟ್ ಕೂರಿಸುವ ಖರ್ಚು ದುಪ್ಪಟ್ಟಾಗುತ್ತದೆ ಅಂತ ಗೊತ್ತಾದದ್ದು ಆಮೇಲೆ. 2012ರಲ್ಲಿ ಮತ್ತೆ ಎಫ್-35ಬಿ.

ನಿವೃತ್ತಿಯ ನಂತರ ಮೇಷ್ಟ್ರಿಗೆ ಸರ್ಕಾರದ ಲೆಕ್ಕ ತಪಾಸಣೆಯ ಸಿಎಜಿ ವರದಿ ಓದುವ ಚಟ. ಕೆಲವರಿಗೆ ರಮ್ಮಿ, ಇವರಿಗೆ ಅದು. "ಪರದೇಶದ ಕಥೆ ಎಂಥಕ್ಕೆ? ನಮ್ಮ ವಿಕ್ರಮಾದಿತ್ಯ ಸಾಕು. ರಷ್ಯಾದವರು ಹಡಗನ್ನು ಫ್ರೀ ಕೊಟ್ಟರು, ರಿಪೇರಿಗೆ ಮಾತ್ರ ದುಡ್ಡು. 2004ರಲ್ಲಿ 97.4 ಕೋಟಿ ಡಾಲರ್. ಕೊನೆಗೆ 230 ಕೋಟಿ ದಾಟಿತು. 2008ಕ್ಕೆ ಬರಬೇಕಿದ್ದದ್ದು ಕೈಸೇರಿದ್ದು 2013ರ ನವೆಂಬರ್‌ನಲ್ಲಿ."

"ಫ್ರೀ ಅಂದ್ರೆ ಹಾಗೆಯೇ" ಎಂದು ಹಮೀದ್ ಇನ್ನೊಂದು ಚಹಾ ಹೇಳಿದ, ಭಟ್ರ ಲೆಕ್ಕದಲ್ಲಿ.

ಹಡಗಿನ ಜೊತೆ ಬಂದ ಮಿಗ್-29ಕೆಗಳು, ಆಮೇಲೆ ತರಿಸಿದ್ದು ಸೇರಿ 45. 2016ರ ಸಿಎಜಿ ವರದಿ ನೋಡಿದರೆ ಹಾರಲು ತಯಾರಿದ್ದವು ಶೇ. 16ರಿಂದ 38ರ ಆಸುಪಾಸು. ವಿನ್ಯಾಸದ ದೋಷದಿಂದ 40 ಇಂಜಿನ್ ವಾಪಸ್. ಡೆಕ್ಕಿಗೆ ಇಳಿಯುವಾಗಿನ ಹೊಡೆತಕ್ಕೆ ಭಾಗಗಳು ಜಖಂ. ಹೊಸ ವಿಮಾನ ಬೇಕೆಂದು ನೌಕಾಪಡೆ ಯಾಕೆ ಅವಸರ ಮಾಡಿತು ಅಂತ ಬೇರೆ ಹೇಳಬೇಕಾಗಿಲ್ಲ.

ಅವಸರ ಅಂದರೆ ದೆಹಲಿಯ ಅವಸರ. ಗೋವಾದಲ್ಲಿ ಹಾರಿದ್ದು 2022, ಸಹಿ ಬಿದ್ದದ್ದು 2025ರ ಏಪ್ರಿಲ್ 28ಕ್ಕೆ. 26 ವಿಮಾನಕ್ಕೆ ಸುಮಾರು 63 ಸಾವಿರ ಕೋಟಿ ರೂಪಾಯಿ. ಅದರಲ್ಲಿ ನಾಲ್ಕಕ್ಕೆ ಎರಡು ಸೀಟು. ಅವು ಕಲಿಯುವವರಿಗೆ, ಹಡಗಿನ ಮೇಲೆ ಇಳಿಯುವುದಿಲ್ಲ.

"ಹಡಗಿಗೆ ಅಂತ ತಂದದ್ದು ಹಡಗಿಗೇ ಇಳಿಯುವುದಿಲ್ವಾ?" ಶೆಟ್ರು ಹೌಹಾರಿದರು.

"ಎಲ್ಲ ನಮ್ಮದೇ ಆಗಬೇಕು" ಎಂದರು ಭಟ್ರು, ಚೇತರಿಸಿಕೊಂಡು. "ನಮ್ಮ ತೇಜಸ್ 2020ರ ಜನವರಿಯಲ್ಲಿ ವಿಕ್ರಮಾದಿತ್ಯದ ಮೇಲೆ ಇಳಿಯಲಿಲ್ವಾ?" ಇಳಿಯಿತು, ನಿಜ. ಆದರೆ ಒಂಟಿ ಇಂಜಿನ್ನಿಗೆ ಭಾರ ಜಾಸ್ತಿ ಎಂದು ನೌಕಾಪಡೆ 2016ರಲ್ಲೇ ಬೇಡವೆಂದಿತ್ತು. ಈಗ ಎರಡು ಇಂಜಿನ್ನಿನ ನಮ್ಮದೇ ಯುದ್ಧವಿಮಾನ ಟಿಇಡಿಬಿಎಫ್ ಕಾಗದದ ಮೇಲೆ ಉಂಟು. "ಬರ್ತದೆ, ನೋಡ್ತಾ ಇರಿ."

ಮೇಷ್ಟ್ರು ಕನ್ನಡಕ ಒರೆಸಿದರು. "ಚಂದ್ರಗಿರಿಯಿಂದ ಬಡಗಿನ ಕಾಸರಗೋಡು ಕರ್ನಾಟಕಕ್ಕೆ ಅಂತ ಮಹಾಜನ ವರದಿ ಹೇಳಿದ್ದು 1967ರಲ್ಲಿ. ಅದರ ಡೆಲಿವರಿ ಇನ್ನೂ ಬಾಕಿ. ಭಟ್ರೇ, ಯಾವುದು ಮೊದಲು? ನೂರು ರೂಪಾಯಿ ಪಣ."

ಭಟ್ರು ಟಿಇಡಿಬಿಎಫ್‌ಗೆ ಕಟ್ಟಿದರು. ಹಮೀದ್ ಮಹಾಜನ ವರದಿಗೆ. ಮೇಷ್ಟ್ರು ದುಡ್ಡು ಇಟ್ಟುಕೊಳ್ಳಲು ಶೆಟ್ರ ಕಡೆ ಚಾಚಿದರು.

"ನನಗೆ ಅರುವತ್ತೆಂಟು ಮಾರಾಯ್ರೇ" ಎಂದು ಶೆಟ್ರು ಕೈ ಹಿಂದೆ ತೆಗೆದರು. "ಮೊಮ್ಮಗನ ಹತ್ತಿರ ಕೊಡಿ."